ಇಬ್ಬರು ಮಕ್ಕಳು, ಮೂರು ಸೂಟ್‌ಕೇಸು ಮತ್ತು ಸಿಂಗಪುರ

‘ಅಷ್ಟು ಚಿಕ್ಕ ಮಕ್ಕಳನ್ನ ಕಟ್ಕೊಂಡು ಫಾರಿನ್‌ಗೆ ಯಾಕೇ ಹೋಗ್ತೀರಿ? ಅವಕ್ಕೇನು ನೆನಪಿರುತ್ತೆ? ದುಡ್ಡು ದಂಡ.’

ಸಿಂಗಪುರಕ್ಕೆ ಟಿಕೆಟ್ ಬುಕ್ ಮಾಡಿದ್ದೀವಿ ಅಂತ ಫೋನಿನಲ್ಲಿ ಹೇಳಿದಾಗ ಮೈಸೂರಿನಿಂದ ಅಮ್ಮ ಹೇಳಿದ ಮೊದಲ ಮಾತು ಇದು. ಮಗಳಿಗೆ ಆಗ ಐದು ವರ್ಷ, ಮಗನಿಗೆ ಒಂದೂವರೆ. ‘ಎರಡು ವರ್ಷ ತುಂಬಿದ ಮೇಲೆ ಅವನಿಗೂ ಪೂರ್ತಿ ಸೀಟು ತಗೋಬೇಕಮ್ಮ, ಈಗಲಾದರೆ ತೊಡೆ ಮೇಲೆ ಕೂರಿಸ್ಕೊಂಡು ಹೋಗಬಹುದು’ ಅಂತ ಲೆಕ್ಕಾಚಾರದ ಉತ್ತರ ಕೊಟ್ಟೆ. ನಿಜವಾದ ಕಾರಣ ಬೇರೆ ಇತ್ತು. ಹೋಗಬೇಕಾಗಿದ್ದದ್ದು ಮಕ್ಕಳಿಗಲ್ಲ, ನನಗೆ. ಎರಡನೇ ಹೆರಿಗೆಯ ನಂತರ ಆಫೀಸು, ಡೇಕೇರು, ಅಡುಗೆಮನೆ ಬಿಟ್ಟು ನಾನು ಬೇರೇನೂ ನೋಡಿರಲಿಲ್ಲ. ಮದುವೆಗೆ ಮುಂಚೆ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ ಹುಡುಗಿ ಇನ್ನೂ ನನ್ನೊಳಗೆ ಇದ್ದಾಳಾ ಅಂತ ನೋಡಬೇಕಿತ್ತು.

ಮಕ್ಕಳ ಜೊತೆ ಪ್ರವಾಸ ಶುರುವಾಗುವುದು ವಿಮಾನ ನಿಲ್ದಾಣದಲ್ಲಲ್ಲ, ಫೋಟೊ ಸ್ಟುಡಿಯೊದಲ್ಲಿ. ತೊಡೆ ಮೇಲೆ ಕೂರುವ ಕೂಸಾದರೂ ಅದಕ್ಕೆ ಅದರದ್ದೇ ಪಾಸ್‌ಪೋರ್ಟ್ ಬೇಕು, ಅದರದ್ದೇ ವೀಸಾ ಬೇಕು. ಬಿಳಿ ಹಿನ್ನೆಲೆ, ಕಣ್ಣು ತೆರೆದಿರಬೇಕು, ನೇರ ನೋಡಬೇಕು. ಒಂದೂವರೆ ವರ್ಷದವನಿಗೆ ಇದನ್ನು ಅರ್ಥ ಮಾಡಿಸುವಷ್ಟರಲ್ಲಿ ಸ್ಟುಡಿಯೊದವರು ಎರಡು ಸಲ ಕಾಫಿ ಕುಡಿದು ಬಂದರು. ಕೊನೆಗೆ ಅವರ ಕ್ಯಾಮೆರಾದ ಮೇಲೆ ನನ್ನ ಗಂಡ ಚಮಚ ಹಿಡಿದು ಕುಣಿದಾಗ ಒಂದು ಫೋಟೊ ಸಿಕ್ಕಿತು. ಹೊರಡುವ ಹಿಂದಿನ ಮೂರು ದಿನಗಳಲ್ಲಿ ಸಿಂಗಪುರದ ಅರೈವಲ್ ಕಾರ್ಡನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಆದರೆ ಕೂಸಿನ ಹೆಸರಿನಲ್ಲೂ ತುಂಬಬೇಕು.

ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆಯ ಹಾರಾಟ. ರಾತ್ರಿಯ ವಿಮಾನ, ಮಕ್ಕಳು ಮಲಗಿಬಿಡ್ತಾರೆ ಅಂದುಕೊಂಡಿದ್ದೆವು. ಮಗಳು ಮಲಗಿದಳು. ಮಗ ಮಾತ್ರ ಮುಂದಿನ ಸೀಟಿನವರ ಬೋಳುತಲೆಯನ್ನು ತಬಲಾ ಅಂತ ತೀರ್ಮಾನಿಸಿದ. ಇಳಿಯುವಾಗ ಕಿವಿ ಕಟ್ಟಿಕೊಂಡು ಅವನು ಕಿರುಚಿದ್ದಕ್ಕೆ ಇಡೀ ವಿಮಾನ ಎದ್ದು ಕೂತಿತು. ಹಾಲಿನ ಬಾಟಲಿ ಬಾಯಿಗಿಟ್ಟ ಮೇಲೆ ಸುಮ್ಮನಾದ. ಅವನು ನುಂಗುತ್ತಿದ್ದರೆ ಕಿವಿಯ ಒತ್ತಡ ಸರಿಹೋಗುತ್ತೆ ಅನ್ನೋದು ಗೊತ್ತಿತ್ತು. ಬಾಟಲಿ ಮೇಲಿನ ಲಗೇಜಿನಲ್ಲಿ ಇಡಬಾರದು ಅನ್ನೋದು ಗೊತ್ತಿರಲಿಲ್ಲ.

ಮೊದಲ ಎರಡು ದಿನ ಹಬ್ಬ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಇದು ಮಕ್ಕಳಿರುವವರಿಗೆ ವರವೇ ಸರಿ. ಅಲ್ಲಿ ರಾತ್ರಿ ಹತ್ತು ಅಂದರೆ ನಮ್ಮ ಮಕ್ಕಳ ಹೊಟ್ಟೆಯ ಗಡಿಯಾರದಲ್ಲಿ ಇನ್ನೂ ಏಳೂವರೆ. ಗಾರ್ಡನ್ಸ್ ಬೈ ದ ಬೇಯಲ್ಲಿ 25ರಿಂದ 50 ಮೀಟರ್ ಎತ್ತರದ ‘ಸೂಪರ್ ಟ್ರೀ’ಗಳಿವೆ. ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಅವು ಸಂಗೀತಕ್ಕೆ ತಕ್ಕಂತೆ ಮಿನುಗುತ್ತವೆ, ಟಿಕೆಟ್ ಇಲ್ಲ. ಸಾವಿರಾರು ಜನ ನೆಲದ ಮೇಲೆ ಅಂಗಾತ ಮಲಗಿ ನೋಡುತ್ತಿದ್ದರು. ನಾವೂ ಮಲಗಿದೆವು. ನಾಲ್ಕೂ ಜನ ಒಟ್ಟಿಗೆ ಸುಮ್ಮನಿದ್ದ ಹದಿನೈದು ನಿಮಿಷ ಅದು. ಆ ವರ್ಷದಲ್ಲಿ ಅಂಥ ಹದಿನೈದು ನಿಮಿಷ ನನಗೆ ಬೇರೆ ನೆನಪಿಲ್ಲ.

ಮರುದಿನ ಮಂಡಾಯ್‌ನ ಮೃಗಾಲಯ. ಅಲ್ಲಿ ಒರಾಂಗುಟಾನ್‌ಗಳು ಜನರ ತಲೆಯ ಮೇಲೇ ಹಗ್ಗ ಹಿಡಿದು ಓಡಾಡುತ್ತವೆ. ‘ಮೇಲೆ ನೋಡು ಪುಟ್ಟಿ, ಮೇಲೆ’ ಅಂತ ನಾನು ಬಡಿದುಕೊಳ್ಳುತ್ತಿದ್ದರೆ, ನಮ್ಮ ಪುಟ್ಟಿ ನೆಲದ ಮೇಲಿನ ಇರುವೆ ಸಾಲಿಗೆ ಬಿಸ್ಕತ್ತಿನ ಚೂರು ಹಾಕುತ್ತಾ ಕೂತಿದ್ದಳು. ಇರುವೆ ನಮ್ಮ ಮನೆ ಸಿಂಕಿನಲ್ಲೇ ಇರಲಿಲ್ಲವಾ!

ಸಂಜೆ ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್‌ನಲ್ಲಿ ಊಟ. ಜನಜಂಗುಳಿ. ಒಂದೇ ಒಂದು ಟೇಬಲ್ ಖಾಲಿ ಕಂಡಿತು, ಮೇಲೊಂದು ಟಿಶ್ಯೂ ಪ್ಯಾಕೆಟ್. ಮಗಳು ಓಡಿಹೋಗಿ ಅದರಿಂದ ಒಂದು ಟಿಶ್ಯೂ ಎಳೆದು ಜೋರಾಗಿ ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ತಟ್ಟೆ ಹಿಡಿದ ಚೀನೀ ಅಜ್ಜಿಯೊಬ್ಬರು ಬಂದು ನಕ್ಕರು. ಅಲ್ಲಿ ಟೇಬಲ್ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟರೆ ‘ಈ ಜಾಗ ನಮ್ಮದು’ ಅಂತ ಅರ್ಥವಂತೆ. ನಮ್ಮೂರ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ! ನಾನು ನಾಚಿಕೊಂಡು ‘ಸಾರಿ ಆಂಟಿ’ ಅಂದೆ. ಅಲ್ಲೂ ಹಿರಿಯರನ್ನು ಆಂಟಿ, ಅಂಕಲ್ ಅಂತಲೇ ಕರೆಯುವುದು. ಆಂಟಿ ಪಕ್ಕಕ್ಕೆ ಸರಿದು ನಮಗೂ ಜಾಗ ಕೊಟ್ಟರು. ಅವರ ಭಾಷೆ ನಮಗಿಲ್ಲ, ನಮ್ಮದು ಅವರಿಗಿಲ್ಲ. ಆದರೂ ನಮ್ಮ ಮಗನಿಗೆ ಅನ್ನ ತಿನ್ನಿಸಿದ್ದು ಅವರೇ.

ಮೂರನೇ ದಿನದ ನಸುಕಿನಲ್ಲಿ ಮಗನ ಮೈ ಕೆಂಡ.

ಆ ದಿನಕ್ಕೆ ದೊಡ್ಡ ಥೀಮ್ ಪಾರ್ಕೊಂದರ ಟಿಕೆಟ್ ಮೊದಲೇ ಕೊಂಡಿದ್ದೆವು. ದಿನಾಂಕ ಬದಲಾಯಿಸುವಂತಿಲ್ಲ, ದುಡ್ಡು ವಾಪಸ್ಸಿಲ್ಲ. ಹೋಟೆಲ್ ಹತ್ತಿರದ ಕ್ಲಿನಿಕ್‌ಗೆ ಓಡಿದೆವು. ಡಾಕ್ಟರ್ ಥರ್ಮಾಮೀಟರ್ ನೋಡಿ ‘ಮೂವತ್ತೊಂಬತ್ತು’ ಅಂದರು. ನನಗೆ ತಲೆ ಬುಡ ಅರ್ಥವಾಗಲಿಲ್ಲ. ನಮ್ಮ ತಲೆಯಲ್ಲಿ ಜ್ವರ ಅಂದರೆ ನೂರು, ನೂರೊಂದು. ಮೊಬೈಲಿನಲ್ಲಿ ಲೆಕ್ಕ ಹಾಕಿದರೆ 102 ದಾಟಿತ್ತು. ವೈರಲ್ ಇರಬೇಕು, ಪ್ಯಾರಾಸಿಟಮಾಲ್ ಕೊಡಿ, ನೀರು ಕುಡಿಸ್ತಾ ಇರಿ, ಎರಡು ದಿನ ನೋಡಿ ಅಂದರು. ಇದೇ ಮಾತನ್ನು ನಮ್ಮ ಬಡಾವಣೆಯ ಡಾಕ್ಟರೂ ಹೇಳುತ್ತಿದ್ದರು. ಬಿಲ್ ಮಾತ್ರ ನೂರು ಡಾಲರ್ ಹತ್ತಿರ. ಡಾಲರ್‌ಗೆ ಅರವತ್ತು ಚಿಲ್ಲರೆ ರೂಪಾಯಿ ಅಂತ ಗುಣಿಸಿ ನೋಡುವ ಚಟ ಬಿಟ್ಟಿದ್ದರೆ ಒಳ್ಳೆಯದಿತ್ತು.

ರೂಮಿಗೆ ಬಂದ ಮೇಲೆ ಜಗಳ ಶುರುವಾಯಿತು. ‘ನಿನ್ನೆ ಮಳೇಲಿ ನೆನೆಸಬೇಡ ಅಂದೆ’ ಅಂತ ಅವನು. ‘ಛತ್ರಿ ಹೋಟೆಲ್ಲಲ್ಲೇ ಬಿಟ್ಟು ಬಂದಿದ್ದು ಯಾರು?’ ಅಂತ ನಾನು. ಭೂಮಧ್ಯರೇಖೆಯ ಪಕ್ಕದ ಊರು, ಮಧ್ಯಾಹ್ನದ ಮಳೆ ಹೇಳಿ ಕೇಳಿ ಬರೋದಿಲ್ಲ. ಮಳೆಯಿಂದ ಟಿಕೆಟ್ಟಿಗೆ, ಟಿಕೆಟ್ಟಿನಿಂದ ದುಡ್ಡಿಗೆ, ದುಡ್ಡಿನಿಂದ ‘ಈ ಟ್ರಿಪ್ ಯಾರಿಗೆ ಬೇಕಿತ್ತು’ ಅನ್ನುವಲ್ಲಿಗೆ ಬಂದು ನಿಂತಿತು. ಅದು ನನಗೇ ಬೇಕಿತ್ತು ಅನ್ನೋದು ಇಬ್ಬರಿಗೂ ಗೊತ್ತಿತ್ತು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಕೂಸಿಗೆ ಪರದೇಶದಲ್ಲಿ ಜ್ವರ ಬರಿಸಿದ ತಾಯಿ ನಾನು ಅನ್ನಿಸಿತು. ಅಮ್ಮನಿಗೆ ಫೋನ್ ಮಾಡುವ ಧೈರ್ಯವೂ ಆಗಲಿಲ್ಲ.

ಹೊರಗೆ ಬಂದಾಗ ಗಂಡ ನೆಲದ ಮೇಲೆ ಕೂತು, ನಾವು ಕೊಂಡೊಯ್ದಿದ್ದ ಪುಟ್ಟ ಕುಕ್ಕರ್‌ಗೆ ಅನ್ನ ಇಡುತ್ತಿದ್ದ. ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿ, ನಮ್ಮದು ಗುಂಡನೆಯದು. ರಿಸೆಪ್ಷನ್‌ನಿಂದ ಅಡಾಪ್ಟರ್ ಕೇಳಿ ತಂದಿದ್ದ. ಹಿಂದಿನ ಸಂಜೆ ಲಿಟಲ್ ಇಂಡಿಯಾದಲ್ಲಿ ಕೊಂಡ ಮೊಸರು ಇತ್ತು. ಮೊಸರನ್ನ ಕಲೆಸಿ ನನ್ನ ಮುಂದೆ ಇಟ್ಟ. ಸಾರಿ ಅಂತ ಇಬ್ಬರೂ ಹೇಳಲಿಲ್ಲ. ಆ ಇಡೀ ದಿನ ಒಬ್ಬರಾದ ಮೇಲೊಬ್ಬರು ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತಡಿ ರೂಮಿನಲ್ಲೇ ಸಿಂಗಪುರ ಸುತ್ತಿದೆವು.

ಐದನೇ ದಿನ ಜ್ವರ ಪೂರ್ತಿ ಬಿಟ್ಟಿತು. ಉಳಿದಿದ್ದದ್ದು ಅದೊಂದೇ ದಿನ. ನನ್ನ ಪಟ್ಟಿಯಲ್ಲಿ ಇನ್ನೂ ಏಳು ಜಾಗಗಳಿದ್ದವು. ಪಟ್ಟಿ ಮಡಚಿಟ್ಟು ಬೊಟಾನಿಕ್ ಗಾರ್ಡನ್ಸ್‌ಗೆ ಹೊರಟೆವು. 1859ರಲ್ಲಿ ಶುರುವಾದ ತೋಟ, 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಅದರೊಳಗೆ ಜೇಕಬ್ ಬಲ್ಲಾಸ್ ಅನ್ನೋ ಮಕ್ಕಳ ತೋಟವಿದೆ. ಪ್ರವೇಶ ಉಚಿತ, ಆದರೆ ಒಂದು ನಿಯಮ: ದೊಡ್ಡವರು ಒಳಗೆ ಹೋಗಬೇಕಾದರೆ ಜೊತೆಗೆ ಹದಿನಾಲ್ಕು ವರ್ಷದೊಳಗಿನ ಮಗು ಇರಲೇಬೇಕು.

ಆ ನಿಯಮ ಓದಿ ನಾನು ಗೇಟಿನಲ್ಲೇ ನಿಂತುಬಿಟ್ಟೆ. ಐದು ದಿನದಿಂದ ‘ಮಕ್ಕಳಿದ್ದಾರೆ, ಅಲ್ಲಿಗೆ ಹೋಗೋಕಾಗಲ್ಲ, ಇಲ್ಲಿಗೆ ಹೋಗೋಕಾಗಲ್ಲ’ ಅಂತ ಲೆಕ್ಕ ಹಾಕಿದ್ದವಳು ನಾನು. ಮಕ್ಕಳಿದ್ದರೆ ಮಾತ್ರ ಬಿಡುವ ಜಾಗವೂ ಒಂದಿತ್ತು. ‘ಅಮ್ಮಾ, ನಾನಿಲ್ಲದಿದ್ರೆ ನಿನ್ನನ್ನ ಒಳಗೆ ಬಿಡ್ತಿರಲಿಲ್ವಾ?’ ಅಂತ ಮಗಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಟಿಕೆಟ್ ಕಲೆಕ್ಟರ್ ಥರ ನಮ್ಮಿಬ್ಬರನ್ನೂ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಮರದ ಮನೆ, ಜಾರುಬಂಡೆ, ತೂಗುಸೇತುವೆ, ಮರಳು. ನಾಲ್ಕು ಗಂಟೆ ಅಲ್ಲೇ ಕಳೆದೆವು. ನಾನೂ ಜಾರುಬಂಡೆ ಜಾರಿದೆ. ಬ್ಯಾಗ್ ಹೆಗಲಿಗೇರಿಸುತ್ತಿದ್ದ ಆ ಹುಡುಗಿ ಇದ್ದಳು. ಹೆಗಲ ಮೇಲೆ ಈಗ ಡೈಪರ್ ಬ್ಯಾಗ್ ಇತ್ತು, ಅಷ್ಟೇ.

ಹೊರಡುವವರಿಗೆ ನನ್ನ ಅನುಭವದ ನಾಲ್ಕು ಮಾತು. ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ದಿನಾಂಕ ಬದಲಾಯಿಸಲಾಗದ ದುಬಾರಿ ಟಿಕೆಟ್ ಮೊದಲೇ ಕೊಳ್ಳಬೇಡಿ. ಪ್ರಯಾಣ ವಿಮೆ ಮಾಡಿಸಿ, ಕ್ಲಿನಿಕ್‌ನ ರಸೀದಿ ಇಟ್ಟುಕೊಳ್ಳಿ. ಥರ್ಮಾಮೀಟರ್, ಮಕ್ಕಳ ಡಾಕ್ಟರ್ ಬರೆದುಕೊಟ್ಟ ಜ್ವರದ ಸಿರಪ್, ಡೋಸ್ ಬರೆದ ಚೀಟಿ ಕೈಚೀಲದಲ್ಲಿರಲಿ. ಮೆಟ್ರೊದಲ್ಲಿ 90 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಇಲ್ಲ, ಸ್ಟ್ರಾಲರ್ ಮಡಚದೆ ಒಯ್ಯಬಹುದು, ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಆದರೆ ರೈಲಿನೊಳಗೆ ಚಕ್ಕುಲಿ ತೆಗೆಯಬೇಡಿ. ತಿಂದರೆ 500 ಡಾಲರ್‌ವರೆಗೂ ದಂಡ. ಅಮ್ಮ ಹೇಳಿದ ‘ದುಡ್ಡು ದಂಡ’ ನಿಜವಾಗಿಬಿಟ್ಟೀತು!

ಊರಿಗೆ ಬಂದು ಎಂಟು ತಿಂಗಳಾದ ಮೇಲೆ ಮೈಸೂರಿಗೆ ಹೋಗಿದ್ದೆವು. ಅಮ್ಮ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಪರೀಕ್ಷೆ ಮಾಡಿದರು. ‘ಸಿಂಗಪುರದಲ್ಲಿ ಏನು ನೋಡ್ದೆ ಪುಟ್ಟಿ?’

ದೀಪದ ಮರ ಅನ್ನುತ್ತಾಳೆ ಅಂತ ನಾನು ಅಡುಗೆಮನೆಯಿಂದಲೇ ಕಿವಿಗೊಟ್ಟೆ.

‘ಇರುವೆ. ಆಮೇಲೆ ತಮ್ಮಂಗೆ ಜ್ವರ ಬಂತು, ಅಮ್ಮ ಬಾತ್‌ರೂಮಲ್ಲಿ ಅತ್ತಳು. ಅಪ್ಪ ನೆಲದ ಮೇಲೆ ಅನ್ನ ಮಾಡ್ದ. ಆಮೇಲೆ ಅಮ್ಮನ್ನ ನಾನೇ ಪಾರ್ಕಿಗೆ ಕರ್ಕೊಂಡು ಹೋದೆ. ಇಲ್ಲಾಂದ್ರೆ ಅವಳನ್ನ ಬಿಡ್ತಾನೇ ಇರ್ಲಿಲ್ಲ.’

ನಲ್ಲಿ ತಿರುಗಿಸಿದರೆ ಕೇಳಿಸುವುದಿಲ್ಲ ಅಂದುಕೊಂಡಿದ್ದೆ. ಎಲ್ಲಾ ಕೇಳಿಸಿತ್ತು.

ಅಮ್ಮ ನನ್ನ ಕಡೆ ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದರು, ‘ಮುಂದಿನ ಸಲ ಎಲ್ಲಿಗೆ ಹೋಗ್ತೀರಿ? ನಾನೂ ಬರ್ತೀನಿ. ಕೂಸನ್ನ ನೋಡ್ಕೊಳ್ಳೋಕೆ ಒಬ್ಬರು ಬೇಡವಾ?’

ಅಮ್ಮನ ಪಾಸ್‌ಪೋರ್ಟಿಗೆ ಮೊನ್ನೆ ಅರ್ಜಿ ಹಾಕಿದ್ದೀವಿ. ಫೋಟೊ ತೆಗೆಸುವಾಗ ಕ್ಯಾಮೆರಾದ ಮೇಲೆ ಯಾರೂ ಕುಣಿಯಬೇಕಾಗಲಿಲ್ಲ.