ತಪ್ಪು ಡ್ರೈವರ್‌ನದಲ್ಲ

ನಮ್ಮ ಮನೆಯ ಕಂಪ್ಯೂಟರನ್ನು ಜೋಡಿಸಿದ್ದು ನಾನೇ. ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ಅಬ್ಬಾ ಜೊತೆ ತುಮಕೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಎಸ್.ಪಿ. ರಸ್ತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಿಂದ ಅಂಗಡಿಗೆ ಅಲೆದು ಒಂದೊಂದೇ ಭಾಗ ಕೊಂಡೆವು. ಪ್ರೊಸೆಸರ್, ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಎಸ್‌ಎಸ್‌ಡಿ, 550 ವ್ಯಾಟ್‌ನ ಪವರ್ ಸಪ್ಲೈ, ಕ್ಯಾಬಿನೆಟ್ ಎಲ್ಲವೂ ಹೊಸವು. ಗ್ರಾಫಿಕ್ಸ್ ಕಾರ್ಡ್ ಮಾತ್ರ ಸೆಕೆಂಡ್ ಹ್ಯಾಂಡ್. ಹೊಸದಕ್ಕೆ ಹಣ ಸಾಲಲಿಲ್ಲ. ಒಟ್ಟು ಖರ್ಚು 41,500 ರೂಪಾಯಿ. ಅದರಲ್ಲಿ 15,000 ನನ್ನ ಆಪಾಳ ಉಳಿತಾಯ.

ಆಪಾ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಾಳೆ. ಒಂದು ಸ್ಟುಡಿಯೋದವರಿಗೆ ಮದುವೆ ವಿಡಿಯೋಗಳನ್ನು ಮನೆಯಲ್ಲೇ ಎಡಿಟ್ ಮಾಡಿಕೊಟ್ಟು ತನ್ನ ಫೀಸು ತಾನೇ ಕಟ್ಟಿಕೊಳ್ಳುತ್ತಾಳೆ. ಹಾಗಾಗಿ ಈ ಕಂಪ್ಯೂಟರ್ ನಮಗೆ ಆಟದ ಸಾಮಾನಲ್ಲ. ಯೂಟ್ಯೂಬ್ ನೋಡಿ ನೋಡಿ, ಎರಡು ದಿನ ಕೂತು ನಾನು ಅದನ್ನು ಜೋಡಿಸಿದೆ. ಬಟನ್ ಒತ್ತಿದಾಗ ಪರದೆ ಬೆಳಗಿತು. ಆ ದಿನ ಮನೆಗೆ ಬಂದವರಿಗೆಲ್ಲ ಅಮ್ಮಿ "ನಮ್ಮ ಹುಡುಗನೇ ಮಾಡಿದ್ದು" ಎಂದು ಹೇಳಿದ್ದೇ ಹೇಳಿದ್ದು.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ರಾತ್ರಿ ಆಪಾ ಒಂದು ವಿಡಿಯೋವನ್ನು ಎಕ್ಸ್‌ಪೋರ್ಟ್‌ಗೆ ಹಾಕಿದ್ದಳು. ಮುಕ್ಕಾಲು ಭಾಗ ಆಗಿತ್ತು. ಪರದೆ ಫಕ್ಕನೆ ಕಪ್ಪಾಯಿತು. ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಬಂತು, ಆದರೆ ಎಡಿಟಿಂಗ್ ಸಾಫ್ಟ್‌ವೇರ್ ಮುಚ್ಚಿಹೋಗಿತ್ತು. ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿತ್ತು, ಈಗ ಸರಿಯಾಗಿದೆ ಎಂಬ ಸಂದೇಶ ಕಂಡಿತು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಪರದೆ ವಾಪಸ್ ಬರಲೇ ಇಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಬೇಕಾಯಿತು.

ನಾನು ಮೊದಲು ಹಿಡಿದದ್ದು ತಮ್ಮನನ್ನು. ಅವನು ಎಂಟನೇ ತರಗತಿ. ಅದೇ ವಾರ ಸ್ನೇಹಿತನ ಪೆನ್‌ಡ್ರೈವ್‌ನಿಂದ ಒಂದು ಆಟ ತಂದು ಹಾಕಿದ್ದ. ನನಗೆ ಅಷ್ಟೇ ಸಾಕಾಯಿತು. "ಎಲ್ಲಾ ಹಾಳು ಮಾಡಿಟ್ಟೆ" ಎಂದು ಕೂಗಾಡಿದೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದೆ. ಅಬ್ಬಾಗೂ ಹೇಳಿದೆ. ಅಬ್ಬಾ ಅವನನ್ನು ಬೈದರು. ಅವನು ಅಳುತ್ತಾ ಒಂದೇ ಮಾತು ಹೇಳಿದ: "ಭಾಯ್, ಫ್ಯಾನ್ ಜೋರಾಗಿ ಕೂಗಿದ ಮೇಲೇ ಅದು ಕಪ್ಪಾಗೋದು. ನಾನು ಆಡುವಾಗಲೂ ಅಷ್ಟೇ, ಆಪಾ ಕೆಲಸ ಮಾಡುವಾಗಲೂ ಅಷ್ಟೇ." ನಾನು ಬಾಯಿ ಮುಚ್ಚು ಎಂದೆ. ಅಮ್ಮಿ ಅಡುಗೆಮನೆಯಿಂದಲೇ "ಬದ್‌ಗುಮಾನಿ ಮಾಡಬೇಡ" ಎಂದರು. ಸರಿಯಾಗಿ ತಿಳಿದುಕೊಳ್ಳದೆ ಒಬ್ಬರ ಮೇಲೆ ಕೆಟ್ಟ ಸಂಶಯ ಪಡುವುದಕ್ಕೆ ನಮ್ಮ ಮನೆಯಲ್ಲಿ ಹಾಗೆನ್ನುತ್ತಾರೆ. ನಾನು ಅದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಟ ತೆಗೆದುಹಾಕಿದೆ. ಎರಡೇ ದಿನದಲ್ಲಿ ಪರದೆ ಮತ್ತೆ ಕಪ್ಪಾಯಿತು.

ಆಗ ಸಂಶಯ ಕಾರ್ಡ್ ಮಾರಿದವನ ಮೇಲೆ ಹೋಯಿತು. ಫೋನ್ ಮಾಡಿ "ಕೆಟ್ಟ ಕಾರ್ಡ್ ಕೊಟ್ಟು ಮೋಸ ಮಾಡಿದಿರಿ" ಎಂದೆ. ಅವನು ಸಿಟ್ಟಾಗಲಿಲ್ಲ. "ತನ್ನಿ, ನಿಮ್ಮ ಎದುರಲ್ಲೇ ಹಾಕಿ ಓಡಿಸಿ ತೋರಿಸ್ತೀನಿ" ಎಂದ. ನಾನು ಫೋನ್ ಇಟ್ಟುಬಿಟ್ಟೆ.

ಇಷ್ಟಾದ ಮೇಲೆ ಆ ಸಂದೇಶದ ಅರ್ಥವೇನೆಂದು ಓದಲು ಕೂತೆ. ಮೊದಲೇ ಮಾಡಬೇಕಾಗಿದ್ದ ಕೆಲಸ ಅದು. ಡ್ರೈವರ್ ಎಂದರೆ ವಿಂಡೋಸ್ ಮತ್ತು ಗ್ರಾಫಿಕ್ಸ್ ಕಾರ್ಡಿನ ನಡುವೆ ಮಾತು ದಾಟಿಸುವ ಸಾಫ್ಟ್‌ವೇರ್. ವಿಂಡೋಸ್ ಕಾರ್ಡಿಗೆ ಒಂದು ಕೆಲಸ ಕೊಟ್ಟು ಸಾಮಾನ್ಯವಾಗಿ 2 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಕಾರ್ಡ್ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ಅದನ್ನು ಹೊಸದಾಗಿ ಎಬ್ಬಿಸುತ್ತದೆ. ಇದಕ್ಕೆ ಟಿಡಿಆರ್ ಎಂದು ಹೆಸರು. ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿದರೆ ಪ್ರತಿ ಸಲದ ದಾಖಲೆಯೂ ಅಲ್ಲಿತ್ತು: ದಿನಾಂಕ, ಸಮಯ, 4101 ಎಂಬ ಸಂಖ್ಯೆ.

ನಮ್ಮ ತರಗತಿಯ ಹಾಜರಿ ಹಾಗೆಯೇ ಇದು. ಉಪನ್ಯಾಸಕರು ನಂಬರ್ ಕೂಗುತ್ತಾರೆ, ಉತ್ತರ ಬರದಿದ್ದರೆ ಗೈರು ಎಂದು ಬರೆಯುತ್ತಾರೆ. ಹುಡುಗನಿಗೆ ಜ್ವರವೋ, ಬಸ್ ತಪ್ಪಿತೋ, ಮನೆಯಲ್ಲಿ ಏನಾದರೂ ಆಯಿತೋ ಅದು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. 4101 ಎಂಬ ದಾಖಲೆಯೂ ಉತ್ತರ ಬರಲಿಲ್ಲ ಎಂದಷ್ಟೇ ಹೇಳುತ್ತದೆ, ಏಕೆ ಬರಲಿಲ್ಲ ಎಂದು ಹೇಳುವುದಿಲ್ಲ. ಕಾಯುವ ಸಮಯವನ್ನು 2 ಸೆಕೆಂಡಿನಿಂದ 10ಕ್ಕೆ ಏರಿಸು ಎಂದು ಒಬ್ಬ ಸ್ನೇಹಿತ ಸಲಹೆ ಕೊಟ್ಟ. ಬರದೇ ಇರುವ ಹುಡುಗನಿಗೆ ಇನ್ನೂ ಸ್ವಲ್ಪ ಹೊತ್ತು ಕಾದರೆ ಅವನು ಬಂದುಬಿಡುತ್ತಾನೆಯೇ? ಅದನ್ನು ಬಿಟ್ಟೆ.

ಆದರೂ ಸಂದೇಶದಲ್ಲಿ ಇದ್ದದ್ದು ಡ್ರೈವರ್ ಹೆಸರು. ಆದ್ದರಿಂದ ಡ್ರೈವರ್ ಹಿಂದೆಯೇ ಬಿದ್ದೆ. ಇಂಟರ್‌ನೆಟ್ ತೆಗೆದು, ಸೇಫ್ ಮೋಡ್‌ಗೆ ಹೋಗಿ, ಡಿಡಿಯು ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಹಳೆಯ ಡ್ರೈವರ್ ಪೂರ್ತಿ ತೆಗೆದೆ. ಇಂಟರ್‌ನೆಟ್ ಇದ್ದರೆ ವಿಂಡೋಸ್ ಮಧ್ಯದಲ್ಲೇ ತನಗೆ ಬೇಕಾದ ಡ್ರೈವರ್ ತಂದು ಹಾಕಿಬಿಡುತ್ತದೆ. ಆಮೇಲೆ ಕಾರ್ಡ್ ತಯಾರಕರ ಹೊಸ ಡ್ರೈವರ್ ಹಾಕಿದೆ. ಅದೇ ದಿನ ರ‍್ಯಾಮ್ ವೇಗವನ್ನೂ ಇಳಿಸಿದೆ, ವಿಂಡೋಸ್ ಅಪ್‌ಡೇಟನ್ನೂ ಮಾಡಿದೆ. ನಾಲ್ಕು ದಿನ ಏನೂ ಆಗಲಿಲ್ಲ. ನಾನು ಗೆದ್ದೆ ಎಂದು ಮನೆಯಲ್ಲಿ ಸಾರಿದೆ. ಐದನೆಯ ದಿನ ಎಕ್ಸ್‌ಪೋರ್ಟ್ ಮಧ್ಯದಲ್ಲಿ ಮತ್ತೆ ಕಪ್ಪು. ಆ ನಾಲ್ಕು ದಿನ ಆಪಾಗೆ ಆಂತರಿಕ ಪರೀಕ್ಷೆ ಇತ್ತು, ಅವಳು ವಿಡಿಯೋ ಮುಟ್ಟಿಯೇ ಇರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಆ ವಿಡಿಯೋ ಹೇಳಿದ ದಿನಕ್ಕೆ ಕೊಡಲಾಗಲಿಲ್ಲ. ಮುಂದಿನ ಎರಡು ಮದುವೆಗಳ ಕೆಲಸ ಬೇರೆಯವರಿಗೆ ಹೋಯಿತು. ಉಳಿದ ಕೆಲಸಕ್ಕೆ ಆಪಾ ಸಂಜೆ ಸ್ಟುಡಿಯೋಗೇ ಹೋಗಿ ಕೂರತೊಡಗಿದಳು. ರಾತ್ರಿ ಒಂಬತ್ತಕ್ಕೆ ಅಬ್ಬಾ ಸ್ಕೂಟರಿನಲ್ಲಿ ಹೋಗಿ ಕರೆತರುತ್ತಿದ್ದರು. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರ ಬಳಿ ಹೋದೆ. ನಾನು ಅವರ ವಿದ್ಯಾರ್ಥಿಯಲ್ಲ, ಆದರೂ ಪೂರ್ತಿ ಕೇಳಿದರು. "ಒಂದೇ ದಿನ ಮೂರು ಬದಲಾವಣೆ ಮಾಡಿದ್ದೀಯ. ಸರಿಹೋಗಿದ್ದರೆ ಯಾವುದರಿಂದ ಸರಿಹೋಯಿತು ಅಂತ ಹೇಗೆ ಹೇಳುತ್ತಿದ್ದೆ? ಒಂದು ಸಲಕ್ಕೆ ಒಂದೇ ಬದಲಿಸು. ಬದಲಿಸಿದ್ದನ್ನು ಬರೆದಿಡು" ಎಂದರು. ಅಷ್ಟೇ.

ಲೆಕ್ಕಶಾಸ್ತ್ರದ ಹಳೆಯ ನೋಟ್‌ಬುಕ್‌ನ ಕೊನೆಯ ಹಾಳೆಗಳಲ್ಲಿ ಕಾಲಂ ಎಳೆದೆ. ದಿನಾಂಕ, ಏನು ಬದಲಿಸಿದೆ, ಏನು ಮಾಡುವಾಗ ನಿಂತಿತು, ಎಷ್ಟು ನಿಮಿಷಕ್ಕೆ ನಿಂತಿತು. ಹಳೆಯ ದಾಖಲೆಗಳನ್ನು ಈವೆಂಟ್ ವ್ಯೂವರ್‌ನಿಂದ ನೋಡಿ ಬರೆದುಕೊಂಡೆ.

ಮೊದಲು ಬಿಸಿ ನೋಡಿದೆ. ಕೆಲಸದ ನಡುವೆ ಕಾರ್ಡ್ 72 ಡಿಗ್ರಿ ಸೆಲ್ಸಿಯಸ್ ದಾಟಲಿಲ್ಲ. ಅಂಥ ಕಾರ್ಡಿಗೆ ಅದು ಹೆಚ್ಚಲ್ಲ. ಆಮೇಲೆ ರ‍್ಯಾಮ್. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ಇಶಾ ನಮಾಜಿನ ನಂತರ ಶುರು ಮಾಡಿ ಮಲಗಿದೆ. ಫಜ್ರ್‌ಗೆ ಎದ್ದಾಗ ಮುಗಿದಿತ್ತು, ತಪ್ಪುಗಳು ಸೊನ್ನೆ. ಒಂದು ಹಿಂದಿನ ಡ್ರೈವರ್ ಹಾಕಿ ನೋಡಿದೆ. ಏನೂ ವ್ಯತ್ಯಾಸವಿಲ್ಲ.

ಒಂದು ರಾತ್ರಿ ಪುಸ್ತಕದ ಮೂರನೆಯ ಕಾಲಂ ಮೇಲಿನಿಂದ ಕೆಳಗೆ ಓದಿದೆ. ಎಕ್ಸ್‌ಪೋರ್ಟ್, ಎಕ್ಸ್‌ಪೋರ್ಟ್, ಆಟ, ಎಕ್ಸ್‌ಪೋರ್ಟ್. ಟೈಪ್ ಮಾಡುವಾಗ ಒಂದು ಸಲವೂ ಇಲ್ಲ. ಸಿನಿಮಾ ನೋಡುವಾಗ ಒಂದು ಸಲವೂ ಇಲ್ಲ. ಕಾರ್ಡ್ ಜೋರಾಗಿ ದುಡಿಯುವಾಗ ಮಾತ್ರ. ಜೋರಾಗಿ ದುಡಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಫ್ಯಾನ್ ಕೂಗುತ್ತದೆ. ತಮ್ಮ ಅಳುತ್ತಾ ಹೇಳಿದ್ದು ಇದನ್ನೇ.

ಜೋರಾಗಿ ದುಡಿಯುವಾಗ ಬಿಸಿಯಂತೆ ವಿದ್ಯುತ್ ಕೂಡ ಹೆಚ್ಚು ಬೇಕು. ಕಾರ್ಡಿನ ಸೆಟ್ಟಿಂಗ್‌ನಲ್ಲಿ ಪವರ್ ಲಿಮಿಟ್ ಎಂಬುದನ್ನು 100ರಿಂದ 70 ಪ್ರತಿಶತಕ್ಕೆ ಇಳಿಸಿದೆ, ಬೇರೇನನ್ನೂ ಮುಟ್ಟಲಿಲ್ಲ. ಕೆಲಸ ನಿಧಾನವಾಯಿತು, ಆದರೆ ಮೂರು ದಿನ ಒಂದು ಸಲವೂ ನಿಲ್ಲಲಿಲ್ಲ. ಮತ್ತೆ 100 ಮಾಡಿದೆ. ಹದಿನೆಂಟು ನಿಮಿಷಕ್ಕೆ ಕಪ್ಪು. ಡ್ರೈವರ್ ತಪ್ಪಲ್ಲ, ಆಟದ ತಪ್ಪಂತೂ ಅಲ್ಲವೇ ಅಲ್ಲ. ಕಾರ್ಡಿಗೆ ಹೊಟ್ಟೆ ತುಂಬ ಊಟ ಸಿಗುತ್ತಿಲ್ಲ.

ಗ್ರಾಫಿಕ್ಸ್ ಕಾರ್ಡಿಗೆ ಎರಡು ಕಡೆಯಿಂದ ವಿದ್ಯುತ್ ಬರುತ್ತದೆ. ಮದರ್‌ಬೋರ್ಡಿನ ಸ್ಲಾಟ್‌ನಿಂದ ಹೆಚ್ಚೆಂದರೆ 75 ವ್ಯಾಟ್. ಉಳಿದದ್ದು ಪವರ್ ಸಪ್ಲೈನಿಂದ ನೇರ ಬರುವ ಕೇಬಲ್‌ಗಳಿಂದ. ನಿಯಮದ ಪ್ರಕಾರ 6 ಪಿನ್‌ನ ಜೋಡಣೆಗೆ 75 ವ್ಯಾಟ್, 8 ಪಿನ್‌ನದಕ್ಕೆ 150 ವ್ಯಾಟ್. ನಮ್ಮ ಕಾರ್ಡಿನಲ್ಲಿ ಎರಡೂ ಇವೆ. ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು ಬಾಗಿಲು ತೆಗೆದೆ.

ಒಂದೇ ಕೇಬಲ್, ಅದಕ್ಕೆ ಎರಡು ತಲೆ. ಎರಡನ್ನೂ ಕಾರ್ಡಿಗೆ ಚುಚ್ಚಿದ್ದೆ. ವೈರು ಕಡಿಮೆ ಕಾಣಲಿ, ಒಳಗೆ ಅಂದವಾಗಿರಲಿ ಎಂದು ನಾನೇ ಹಾಗೆ ಮಾಡಿದ್ದು. ಇಡೀ ಹೊರೆ ಒಂದೇ ಕೇಬಲ್ ಮೇಲಿತ್ತು. ಒಂದು ತಲೆಯನ್ನು ಬಿಡಿಸಿ ನೋಡಿದರೆ ಒಳಗಿನ ಒಂದು ಪಿನ್ ಹಿಂದಕ್ಕೆ ಸರಿದಿತ್ತು. ಅದರ ಸುತ್ತಲಿನ ಪ್ಲಾಸ್ಟಿಕ್ ಸ್ವಲ್ಪ ಕಂದಾಗಿತ್ತು. ಜೋಡಿಸುವ ದಿನ ಅದು ಸುಲಭವಾಗಿ ಕೂರದೆ ಇದ್ದಾಗ ನಾನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದ್ದು ಚೆನ್ನಾಗಿ ನೆನಪಾಯಿತು.

ಇನ್ನೊಂದು ಕೇಬಲ್ ಬೇಕಿತ್ತು. ಪವರ್ ಸಪ್ಲೈ ಜೊತೆ ಬಂದಿದ್ದ ಡಬ್ಬದಲ್ಲಿ ಎರಡು ಹೆಚ್ಚುವರಿ ಕೇಬಲ್ ಇದ್ದವು. ಆ ಡಬ್ಬ ಅಮ್ಮಿಯ ಹೊಲಿಗೆ ಯಂತ್ರದ ಪಕ್ಕದಲ್ಲಿತ್ತು, ಗುಂಡಿ ಮತ್ತು ಲೇಸು ತುಂಬಿತ್ತು. ಕೇಬಲ್‌ಗಳು ತಳದಲ್ಲಿ ಹಾಗೇ ಮಲಗಿದ್ದವು. ಹಳೆಯದನ್ನು ತೆಗೆದು ಎರಡು ಬೇರೆ ಬೇರೆ ಕೇಬಲ್ ಹಾಕಿದೆ, ಕ್ಲಿಪ್ ಟಕ್ ಎಂದು ಕೂರುವವರೆಗೆ. ಕಂದಾದ ಕೇಬಲನ್ನು ಮತ್ತೆ ಯಾರೂ ಬಳಸಬಾರದೆಂದು ಕತ್ತರಿಸಿ ಎಸೆದೆ. ಪವರ್ ಲಿಮಿಟ್ 100ಕ್ಕೆ ತಂದು ಪುಸ್ತಕದಲ್ಲಿ ಬರೆದೆ. ಇದನ್ನು ಬರೆಯುವ ಹೊತ್ತಿಗೆ ಐದು ವಾರವಾಗಿದೆ. ಆ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಯುವ ಅಗತ್ಯ ಬಂದಿಲ್ಲ.

ಮನೆಯಲ್ಲಿ ಕಂಪ್ಯೂಟರ್ ಜೋಡಿಸಿರುವ ಸ್ನೇಹಿತರಿಗೆ ಒಂದು ಎಚ್ಚರಿಕೆ: ಹೆಚ್ಚುವರಿ ಕೇಬಲ್ ಇಲ್ಲವೆಂದು ಬೇರೆ ಕಂಪನಿಯ ಪವರ್ ಸಪ್ಲೈ ಕೇಬಲ್ ಹಾಕಬೇಡಿ. ಕಾರ್ಡಿನ ಕಡೆಯ ತಲೆ ಒಂದೇ ಥರ ಇದ್ದರೂ ಪವರ್ ಸಪ್ಲೈ ಕಡೆಯ ಪಿನ್‌ಗಳ ಕ್ರಮ ಬೇರೆ ಇರಬಹುದು. ಕೂರುತ್ತದೆ, ಆದರೆ ಸುಟ್ಟುಹಾಕುತ್ತದೆ.

ಕಾಮರ್ಸ್ ಓದುವ ನನಗೆ ಇದು ಮೊದಲೇ ಗೊತ್ತಿರಬೇಕಿತ್ತು. ತಾಳೆಪಟ್ಟಿ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯುತ್ತದೆ, ಎಲ್ಲಿದೆ ಎಂದು ತಿಳಿಯುವುದಿಲ್ಲ. ಅದಕ್ಕೇ ವ್ಯತ್ಯಾಸದ ಮೊತ್ತವನ್ನು ತಪ್ಪು ಸಿಗುವವರೆಗೆ ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ. ಯಾರದೋ ಹೆಸರಿನ ಖಾತೆಗೆ ತಳ್ಳಿಬಿಡುವುದಿಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಮನೆಯಲ್ಲಿ ಮಾತ್ರ ವ್ಯತ್ಯಾಸವನ್ನೆಲ್ಲ ತಮ್ಮನ ಖಾತೆಗೆ ಹಾಕಿದ್ದೆ. ಅವನು ಒಂದೂವರೆ ತಿಂಗಳು ಆ ಕೋಣೆಗೇ ಸರಿಯಾಗಿ ಬರುತ್ತಿರಲಿಲ್ಲ.

ಲೆಕ್ಕದಲ್ಲಿ ತಪ್ಪನ್ನು ಅಳಿಸುವಂತಿಲ್ಲ. ತಿದ್ದುಪಡಿಯ ನಮೂದು ಬರೆಯಬೇಕು, ಅದು ಎಲ್ಲರಿಗೂ ಕಾಣುವಂತಿರಬೇಕು. ಆ ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದಾಗ ಅಬ್ಬಾಗೆ ಹೇಳಿದೆ: "ಕೆಟ್ಟದ್ದು ನಾನು ಹಾಕಿದ ಕೇಬಲ್. ಇವನು ಏನೂ ಮಾಡಿರಲಿಲ್ಲ. ಕಾರಣ ಮೊದಲು ಹೇಳಿದ್ದೂ ಇವನೇ." ಮಾರಿದವನಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನು ನಕ್ಕ. ಆಪಾಗೆ ಹೋದ ಎರಡು ಮದುವೆಗಳ ಕೆಲಸ ಮಾತ್ರ ನಾನು ವಾಪಸ್ ತರಲಾರೆ.

ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ಊಟ ಮುಗಿಸಿ ಕೈ ತೊಳೆದು ಬಂದು ನನ್ನ ಪಕ್ಕ ನಿಂತ. "ಹಾಗಾದ್ರೆ ಪಾಸ್‌ವರ್ಡ್ ಏನು?" ಎಂದ. ಹೇಳಿದೆ.