ಹಡಗು ಹತ್ತದವಳು

ಕುಡತಿನಿ ನಿಲ್ದಾಣದಲ್ಲಿ ರೈಲು ತಡವಾಗಿದ್ದರಿಂದ ಜೇಮ್ಸ್ ಜಾಯ್ಸ್‌ನ ‘ಎವೆಲಿನ್’ ಕತೆಯನ್ನು ಮತ್ತೊಮ್ಮೆ ಓದಿದೆ. 1914ರ ‘ಡಬ್ಲಿನರ್ಸ್’ ಸಂಕಲನದ್ದು. ದುಡಿದ ಏಳು ಶಿಲಿಂಗನ್ನೂ ಅಪ್ಪನ ಕೈಗಿಟ್ಟು, ಮನೆಖರ್ಚಿಗೆ ಮತ್ತೆ ಅವನನ್ನೇ ಬೇಡುವ ಹುಡುಗಿ ಇವಳು. ಪ್ರೀತಿಸಿದವನು ಕರೆದರೂ ಹಡಗು ಹತ್ತಲಾರಳು. ಬಂದರಿನ ಕಂಬಿ ಹಿಡಿದು ನಿಂತುಬಿಡುತ್ತಾಳೆ. ಸಾಯುವ ತಾಯಿಗೆ ಮನೆ ನೋಡಿಕೊಳ್ಳುವೆನೆಂದು ಮಾತು ಕೊಟ್ಟವಳಲ್ಲವೇ! ಇಂಥವರನ್ನು ಕಾಣಲು ಐರ್ಲೆಂಡಿಗೇ ಹೋಗಬೇಕಾಗಿಲ್ಲ. ನಮ್ಮ ಓಣಿಯೇ ಸಾಕು.

ಜಾಯ್ಸ್ ಅವಳನ್ನು ಅಲ್ಲಿಯೇ ಬಿಟ್ಟು ಸುಮ್ಮನಾಗುತ್ತಾನೆ. ನಮ್ಮ ಕೊಡಗಿನ ಗೌರಮ್ಮನವರು (1912–1939) ಸುಮ್ಮನಾದವರಲ್ಲ, ‘ಅಪರಾಧಿ ಯಾರು?’ ಎಂದು ಕತೆಯ ಹೆಸರಿನಲ್ಲೇ ಸಮಾಜವನ್ನು ಕೇಳಿದರು. ಆದರೆ ಅಂಥ ಕತೆಗಳನ್ನು ಅವರು ಬರೆಯುತ್ತಿದ್ದುದು ‘ಶ್ರೀಮತಿ ಬಿ. ಟಿ. ಜಿ. ಕೃಷ್ಣ’ ಎಂದು. ಗಂಡನ ಹೆಸರು ಅದು. ‘ಕಂಬನಿ’ ಪುಸ್ತಕವಾಗಿ ಬರುವಷ್ಟರಲ್ಲಿ ಅವರೇ ಇರಲಿಲ್ಲ.