ಹಂಪೆಯ ಹೊಳೆದಾಟು

ನದೀತೀರದ ಪಟ್ಟಣವನ್ನು ನೋಡಹೋದವರು ಮೊದಲು ಗೋಪುರವನ್ನು ನೋಡುವರು, ಬಳಿಕ ಮಂಟಪಗಳನ್ನು, ಹೊತ್ತು ಉಳಿದಿದ್ದರೆ ಕಟ್ಟಕಡೆಗೆ ನದಿಯನ್ನು. ಪಟ್ಟಣವು ಹುಟ್ಟಿದ ಕ್ರಮವಾದರೋ ಇದಕ್ಕೆ ವಿಪರೀತವಾದುದು. ಮೊದಲು ನದಿ, ಅನಂತರ ಅದನ್ನು ದಾಟುವ ಕಡವು, ಆಮೇಲೆ ಊರು. ಪಂಪಾಕ್ಷೇತ್ರವೇ ಇದಕ್ಕೆ ನಿದರ್ಶನ. ತುಂಗಭದ್ರೆಯ ಉತ್ತರ ದಡದಲ್ಲಿ ಆನೆಗೊಂದಿ, ದಕ್ಷಿಣ ದಡದಲ್ಲಿ ಹಂಪೆ. ಇವೆರಡರ ನಡುವಣ ನೀರನ್ನು ದಾಟುವ ಚಿಂತೆಯೇ ಈ ಊರುಗಳ ಅರ್ಧ ಚರಿತ್ರೆಯೆಂದರೂ ಸಲ್ಲುವುದು.

ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಕಂಡು ಬೆರಗಾದ ಯಾತ್ರಿಕನು ಪುರಂದರ ಮಂಟಪದ ಕಡೆಗೆ ಇಳಿದು ಹೋದರೆ, ಹೊಳೆಯಲ್ಲಿ ಸಾಲುಗಟ್ಟಿ ನಿಂತ ಕಲ್ಲುಕಂಬಗಳು ಕಾಣುವುವು. ವಿಜಯನಗರದ ಕಾಲದ ಸೇತುವೆಯ ಅವಶೇಷಗಳವು. ಕಮಾನಿನ ಮಾತೇ ಅಲ್ಲಿಲ್ಲ. ಕಂಬವನ್ನು ನಿಲ್ಲಿಸಿ, ಅದರ ಮೇಲೆ ತೊಲೆಯನ್ನೂ ಹಾಸುಗಲ್ಲನ್ನೂ ಇಡುವುದೇ ಅದರ ಕ್ರಮ. ಮಂಟಪವನ್ನು ಕಟ್ಟಿದ ಕೈಯೇ ಮಂಟಪವನ್ನು ನೀರಿನ ಮೇಲೆ ಉದ್ದಕ್ಕೆ ಎಳೆದಂತೆ ತೋರುವುದು. ಹಾಸು ಹೋಯಿತು, ಕಂಬಗಳು ಮಾತ್ರ ಯಾರನ್ನೂ ದಾಟಿಸದೆ ನಿಂತಿವೆ.

1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಇಲ್ಲಿಗೆ ಬಂದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಹರಿಗೋಲುಗಳನ್ನು ಕಂಡು ವಿಸ್ಮಯಪಟ್ಟನು. ಒಳಗೆ ಬೆತ್ತ, ಹೊರಗೆ ಚರ್ಮ; ಹದಿನೈದು ಇಪ್ಪತ್ತು ಜನರನ್ನು ಹೊತ್ತು, ನೆಟ್ಟಗೆ ಹೋಗಲರಿಯದೆ ಗಿರಗಿರನೆ ತಿರುಗುತ್ತ ದಡ ಸೇರುವ ಬುಟ್ಟಿಗಳವು. 1565ರ ಯುದ್ಧದ ತರುವಾಯ ರಾಜಧಾನಿಯು ಹಾಳಾಯಿತು. ಅರಸರಿಲ್ಲವಾದರು, ಸಂತೆಬೀದಿ ಬರಿದಾಯಿತು. ಹರಿಗೋಲು ಮಾತ್ರ ಬೆತ್ತ ಹೋಗಿ ಬಿದಿರಾದರೂ ತನ್ನ ಕಾಯಕವನ್ನು ಬಿಡಲಿಲ್ಲ.

ಆದರೆ ಹರಿಗೋಲನ್ನು ಹೊಗಳುವುದು ದಡದಲ್ಲಿ ನಿಂತವರಿಗೆ ಸುಲಭ. ಹೊಳೆ ತುಂಬಿದ ದಿನ ಆಚೆ ಹೋಗಲೇಬೇಕಾದ ರೈತನಿಗೆ ಅದರ ಸೊಗಸು ಕಾಣದು. ಅದಕ್ಕಾಗಿ ತಳವಾರಘಟ್ಟ ಮತ್ತು ಆನೆಗೊಂದಿಗಳ ನಡುವೆ ಸೇತುವೆಯೊಂದನ್ನು ಕಟ್ಟತೊಡಗಿದರು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದ ಹಂಪೆಯನ್ನು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿದುದಕ್ಕೆ ಇಂತಹ ಸೇತುವೆಯ ಕೆಲಸವೇ ಮುಖ್ಯ ಕಾರಣ. 2006ರಲ್ಲಿ ಆ ಹೆಸರನ್ನು ತೆಗೆದರು. ಕೆಲಸವು ಮತ್ತೆ ಸಾಗಿ, 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ ಆ ಸೇತುವೆಯು ಕುಸಿದು ಬಿದ್ದಿತು. ದುಡಿಯಲು ಬಂದವರು ಹೊಳೆಯಲ್ಲಿ ಪ್ರಾಣಬಿಟ್ಟರು. ಒಂದೇ ನದಿಯಲ್ಲಿ ಹಳೆಯ ಮುರಿದ ಸೇತುವೆಗೆ ಹೊಸ ಮುರಿದ ಸೇತುವೆಯೊಂದು ಜೊತೆಯಾಯಿತು.

ಕಲ್ಲನ್ನು ಕಾಯಬೇಕೋ, ಜನರನ್ನು ದಾಟಿಸಬೇಕೋ ಎಂದು ಅಂದು ವಾದಿಸಿದವರಲ್ಲಿ ಎರಡು ಕಡೆಯವರೂ ಅರ್ಧ ಸತ್ಯವನ್ನೇ ಹಿಡಿದಿದ್ದರು. ಮುಂದೆ ಕೆಳಹೊಳೆಯಲ್ಲಿ, ಬುಕ್ಕಸಾಗರ ಮತ್ತು ಕಡೆಬಾಗಿಲುಗಳ ನಡುವೆ, ಸೇತುವೆಯಾಯಿತು. ಜನರೂ ದಾಟಿದರು, ಗುಡಿಗಳೂ ಉಳಿದವು. ಕೊಂಚ ಸುತ್ತಿ ಹೋಗುವ ತಾಳ್ಮೆಯಿದ್ದರೆ ಎರಡೂ ಸಾಧ್ಯವೆಂಬುದು ಇದರಿಂದ ಸಿದ್ಧವಾಯಿತು. ನೆಟ್ಟಗೆ ಹೋಗಲರಿಯದ ಹರಿಗೋಲು ಐನೂರು ವರ್ಷಗಳಿಂದ ಹೇಳುತ್ತಿದ್ದುದೂ ಇದನ್ನೇ.